ಬೂದುರಾಯನ ನುಸಿ, ಹಾಲವ್ವನ ದಬ್ಬಣ

ಬಹಳ ಬಹಳ ಹಿಂದೆ, ನಮ್ಮ ಅಜ್ಜಂದಿರ ಅಜ್ಜಂದಿರೂ ತೊಟ್ಟಿಲಿಗೆ ಬರುವ ಮುಂಚೆ, ಕುಳಿರ್ನಾಡು ಎಂಬ ಒಂದು ರಾಜ್ಯವಿತ್ತು. ಮೂರು ಕಡೆ ಬೆಟ್ಟ, ಒಂದು ಕಡೆ ಹೊಳೆ. ಅಲ್ಲಿನ ಚಳಿ ಅಂಥಿಂಥ ಚಳಿಯಲ್ಲ. ಮಾಗಿ ಬಂತೆಂದರೆ ಹೊಳೆ ಹರಿಯುವುದನ್ನು ಮರೆತು ನಿಂತುಬಿಡುತ್ತಿತ್ತು. ಕೊಡದೊಳಗಿನ ನೀರನ್ನು ಕೊಡಲಿಯಿಂದ ಒಡೆಯಬೇಕಾಗುತ್ತಿತ್ತು. ಆ ನೆಲದಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಅರಮನೆಯವರಿಗೆ ರೇಷ್ಮೆ, ಉಳಿದವರಿಗೆಲ್ಲ ಉಣ್ಣೆ. ಹುಟ್ಟಿದ ಕೂಸಿಗೆ ಕಂಬಳಿ, ಮದುವೆಯ ಹಸೆಗೆ ಕಂಬಳಿ, ಸತ್ತವರಿಗೆ ಹೊದಿಸಲಿಕ್ಕೂ ಕಂಬಳಿ. ಕಂಬಳಿ ಇದ್ದವನಿಗೆ ಮಾಗಿ ನೆಂಟ, ಇಲ್ಲದವನಿಗೆ ಯಮ ಎಂದು ಅಲ್ಲಿಯ ಜನ ಹೇಳುತ್ತಿದ್ದರು.

ಆ ನಾಡಿನಲ್ಲಿ ಹಾಲವ್ವ ಎಂಬ ಇಪ್ಪತ್ತರ ಹೆಣ್ಣೊಬ್ಬಳಿದ್ದಳು. ಅವಳ ತಾಯಿ ಅರಮನೆಗೆ ನೇಯ್ದು ಕೊಡುತ್ತಿದ್ದ ದೊಡ್ಡ ನೇಕಾರತಿ, ತೀರಿಕೊಂಡು ಬಹಳ ಕಾಲವಾಗಿತ್ತು. ಹಾಲವ್ವನಿಗೆ ಮಗ್ಗ ಒಲಿಯಲಿಲ್ಲ, ದಬ್ಬಣ ಒಲಿಯಿತು. ಹರಿದ ಕಂಬಳಿಯ ತೂತು ಮುಚ್ಚುವುದು ಅವಳ ಕಸುಬು. ಅವಳು ಮುಚ್ಚಿದ ತೂತು ಎಲ್ಲಿತ್ತೆಂದು ಬೆಳಕಿಗೆ ಹಿಡಿದು ನೋಡಿದರೂ ಕಾಣುತ್ತಿರಲಿಲ್ಲ.

ಒಂದು ವರ್ಷ ಮಾಗಿಯ ಮೊದಲ ಗಾಳಿ ಬೀಸಿತು. ಜನ ಪೆಟ್ಟಿಗೆ ತೆರೆದು ಕಂಬಳಿಗೆ ಕೈ ಹಾಕಿದರು. ಮಡಿಸಿಟ್ಟ ಕಂಬಳಿ ಮೇಲಿನಿಂದ ಚೆನ್ನಾಗಿಯೇ ಇತ್ತು. ಎತ್ತಿ ಕೊಡವಿದರೆ ಜರಡಿ! ಮಡಿಕೆ ಮಡಿಕೆಯಲ್ಲೂ ಅಕ್ಕಿಕಾಳಿನಂಥ ಬಿಳಿ ಹುಳುಗಳು ತಿಂದ ನೂಲನ್ನೇ ಅಂಗಿ ಮಾಡಿಕೊಂಡು ತೆವಳುತ್ತಿದ್ದವು. ಭತ್ತದ ಹೊಟ್ಟಿನ ಬಣ್ಣದ ಪುಟ್ಟ ಪತಂಗಗಳು ಬೆಳಕು ಕಂಡೊಡನೆ ಕತ್ತಲ ಮೂಲೆಗೆ ಓಡಿದವು. ನುಸಿ!

ನುಸಿ ಯಾರ ಮನೆಯಲ್ಲಿ ಇಲ್ಲ? ಜನ ಮೊದಲು ಹೆದರಲಿಲ್ಲ. ಹೊಗೆ ಹಾಕಿದರು, ಬಡಿದರು, ಬಿಸಿಲಿಗೆ ಹರಡಿದರು. ಆದರೆ ಒಂದು ಮನೆಯಲ್ಲಿ ಸತ್ತರೆ ಹತ್ತು ಮನೆಯಲ್ಲಿ ಹುಟ್ಟಿದವು. ಹೊಸ ಕಂಬಳಿ ನೇಯೋಣವೆಂದು ಕುರಿಯ ಉಣ್ಣೆ ಕತ್ತರಿಸಿದರೆ, ಉಣ್ಣೆ ನೆಲಕ್ಕೆ ಬಿದ್ದ ಗಳಿಗೆಯಲ್ಲೇ ನುಸಿ ಮುತ್ತಿ ಅದು ಧೂಳಾಯಿತು. ಅಲುಗಾಡುವುದನ್ನು ನುಸಿ ಮುಟ್ಟುತ್ತಿರಲಿಲ್ಲ. ಕುರಿಯ ಮೈಮೇಲಿನ ಉಣ್ಣೆ ಉಳಿಯಿತು, ತೊಟ್ಟು ಓಡಾಡುವ ಬಟ್ಟೆ ಉಳಿಯಿತು. ಸುಮ್ಮನೆ ಬಿದ್ದದ್ದೆಲ್ಲ ಹೋಯಿತು.

"ಇದು ಬೂದುರಾಯನ ಕೆಲಸ," ಎಂದರು ಹಿರಿಯರು. ಬೂದುರಾಯ ಪಡುವಣ ಬೆಟ್ಟದ ಗವಿಯಲ್ಲಿದ್ದ ಮಂತ್ರವಾದಿ. ಅವನಿಗೆ ಮುನ್ನೂರು ವರ್ಷ. ನುಸಿ ತಿಂದ ಬಟ್ಟೆಯ ಬಿಸುಪೆಲ್ಲ ಅವನ ಮೈಗೆ ಸೇರುತ್ತಿತ್ತು, ಅದರಿಂದಲೇ ಅವನು ಸಾಯುತ್ತಿರಲಿಲ್ಲ. ರಾಜ ಹೇಮಾಂಗದ ಅವನ ಮೇಲೆ ನಲವತ್ತು ಮಂದಿಯ ದಂಡು ಕಳಿಸಿದ. ತಿರುಗಿ ಬಂದದ್ದು ಕುದುರೆಗಳು ಮಾತ್ರ, ಬಾಲದಲ್ಲಿ ಒಂದು ಕೂದಲೂ ಇಲ್ಲದೆ.

ಹಾಲವ್ವನ ಅಕ್ಕ ದ್ಯಾವಕ್ಕ ಆಗ ತುಂಬಿದ ಬಸುರಿ. ಅಕ್ಕನ ಗಂಡ ಬೀರಯ್ಯ ಕುರಿ ಕಾಯುವವನು. ಮೂವರೂ ಹನ್ನೆರಡು ಕುರಿಗಳ ನಡುವೆ, ಕುರಿಯ ಮೈಗೆ ಮೈ ಒತ್ತಿ ಮಲಗುತ್ತಿದ್ದರು. ಇಡೀ ನಾಡು ಹಾಗೆಯೇ ಬದುಕಿತ್ತು. ದೊಡ್ಡವರಿಗೆ ಅದು ಸಾಗುತ್ತಿತ್ತು. ಹಸುಗೂಸಿಗೆ ಸಾಗುತ್ತಿರಲಿಲ್ಲ. ಕೂಸು ಅಲುಗದೆ ಮಲಗುತ್ತದೆ, ಹೊದಿಸಿದ್ದನ್ನು ನುಸಿ ತಿಂದುಬಿಡುತ್ತದೆ. ಆ ತಿಂಗಳು ಊರಲ್ಲಿ ಹುಟ್ಟಿದ ಮೂರು ಕೂಸುಗಳಲ್ಲಿ ಒಂದೂ ಮೂರನೆಯ ಬೆಳಗು ಕಾಣಲಿಲ್ಲ.

ಸೂಲಗಿತ್ತಿ ಬಂದು ದ್ಯಾವಕ್ಕನ ಹೊಟ್ಟೆ ಮುಟ್ಟಿ ನೋಡಿದಳು. "ಹೆಚ್ಚೆಂದರೆ ಎಂಟು ದಿನ. ಅಷ್ಟರೊಳಗೆ ಒಂದು ತುಂಡು ಗಟ್ಟಿ ಕಂಬಳಿ ಹೊಂದಿಸಿಕೊಳ್ಳಿ."

"ಎಲ್ಲಿಂದ ಹೊಂದಿಸೋದವ್ವಾ?" ಎಂದ ಬೀರಯ್ಯ.

ಸೂಲಗಿತ್ತಿ ಮುಖ ತಿರುಗಿಸಿಕೊಂಡು ಹೋದಳು.

ದ್ಯಾವಕ್ಕ ಅಳಲಿಲ್ಲ. ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟುಕೊಂಡು, "ಇನ್ನೂ ಒಳಗೇ ಇರು ಮಗಾ, ಅಲ್ಲೇ ಬೆಚ್ಚಗಿದೆ," ಎಂದಳು. ಅದನ್ನು ಕೇಳಿ ಹಾಲವ್ವ ಎದ್ದು ನಿಂತಳು.

"ಅಕ್ಕಾ, ನಾನು ಬೂದುರಾಯನ ಹತ್ತಿರ ಹೋಗ್ತೇನೆ."

"ಹುಚ್ಚಿ! ದಂಡಿನವರೇ ಬರಲಿಲ್ಲ. ನೀನು ಹೋಗಿ ಏನು ಮಾಡ್ತೀಯ?"

"ದಂಡಿನವರ ಹತ್ತಿರ ಕತ್ತಿ ಇತ್ತು. ನುಸಿಗೆ ಕತ್ತಿ ಏನು ಮಾಡೀತು? ಇಲ್ಲಿ ಕೂತು ಎಂಟು ದಿನ ಎಣಿಸೋದು ನನ್ನ ಕೈಲಾಗೋದಿಲ್ಲ."

ತೂತು ಬಿದ್ದಂತೆಲ್ಲ ಹೊಲಿದು ಉಳಿಸಿಕೊಂಡಿದ್ದ ತನ್ನೊಂದು ಕಂಬಳಿಯನ್ನು ಹೊದ್ದು, ದಬ್ಬಣವನ್ನು ತುರುಬಿಗೆ ಸಿಕ್ಕಿಸಿ ಅವಳು ಹೊರಟಳು.

ಒಂದು ಹಗಲು ನಡೆದಳು, ಎರಡು ಹಗಲು ನಡೆದಳು. ಎರಡನೆಯ ದಿನ ಬೆಟ್ಟದ ದಾರಿ ಒಂದು ಮಾರು ಅಗಲಕ್ಕೆ ಬಂತು. ಎಡಕ್ಕೆ ಬಂಡೆ, ಬಲಕ್ಕೆ ಪ್ರಪಾತ. ನಟ್ಟ ನಡುವೆ ಒಂದು ಕರಡಿ ನಿಂತಿತ್ತು. ಅದರ ಮೈಮೇಲೆ ಒಂದೇ ಒಂದು ಕೂದಲಿರಲಿಲ್ಲ. ಸುಲಿದ ಗೆಣಸಿನಂತೆ ನುಣ್ಣಗಿದ್ದ ಮೈ ಚಳಿಗೆ ನೀಲಿಗಟ್ಟಿತ್ತು.

"ನೋಡಬೇಡ!" ಎಂದು ಕರಡಿ ಗರ್ಜಿಸಿತು. ಬಂಡೆಯಿಂದ ಸಣ್ಣ ಕಲ್ಲುಗಳು ಉರುಳಿದವು. "ನನ್ನನ್ನು ನೋಡಿ ನಕ್ಕವರನ್ನು ನಾನು ಕೆಳಗೆ ತಳ್ಳುತ್ತೇನೆ."

ಹಿಂದೆ ಓಡಿದರೆ ಒಂದೇ ನೆಗೆತಕ್ಕೆ ಹಿಡಿಯುತ್ತದೆ. ಮುಂದೆ ಜಾಗವಿಲ್ಲ. ಆದರೆ ಅವಳ ಕಣ್ಣು ಕರಡಿಯ ಹಲ್ಲಿನ ಮೇಲೆ ನಿಲ್ಲಲಿಲ್ಲ, ಚಳಿಗೆ ಅದುರುತ್ತಿದ್ದ ಅದರ ಭುಜದ ಮೇಲೆ ನಿಂತಿತು.

"ನಾನು ನಗಲಿಲ್ಲ," ಎಂದಳು. "ಯಾವಾಗಿನಿಂದ ಹೀಗಿದ್ದೀಯ?"

ಕರಡಿ ಎತ್ತಿದ್ದ ಪಂಜ ಇಳಿಸಿತು. ಇಷ್ಟು ದಿನ ಯಾರೂ ಅದನ್ನು ಏನನ್ನೂ ಕೇಳಿರಲಿಲ್ಲ. "ಚಳಿಗಾಲದ ನಿದ್ದೆ ಮಾಡ್ತಿದ್ದೆ," ಎಂದಿತು. "ಎಚ್ಚರಾದಾಗ ಹೀಗಿದ್ದೆ."

ಹಾಲವ್ವ ಕಂಬಳಿಯನ್ನು ಬಿಚ್ಚಿ, ಹಲ್ಲಿನಿಂದ ಅಂಚು ಕಚ್ಚಿ, ನಡುವಿಗೆ ಸರಿಯಾಗಿ ಹರಿದಳು. ಅರ್ಧ ತನಗೆ ಇಟ್ಟುಕೊಂಡು, ಇನ್ನರ್ಧವನ್ನು ಕರಡಿಯ ಬೆನ್ನಿಗೆ ಹಾಕಿ ಎದೆಯ ಕೆಳಗೆ ಹೊಲಿಯತೊಡಗಿದಳು. "ಅಲ್ಲಾಡಬೇಡ. ಅಲ್ಲಾಡಿದರೆ ದಬ್ಬಣ ಚುಚ್ಚುತ್ತೆ."

ಕರಡಿ ಅಲ್ಲಾಡಲಿಲ್ಲ. ಹೊಲಿದು ಮುಗಿದ ಮೇಲೆ ಅದು ಹಳ್ಳಕ್ಕಿಳಿದು, ಉಗುರಿನಿಂದ ಕೆಸರು ಕೆದರಿ ಒಂದು ಹಿಡಿ ಬೇರು ತಂದಿತು. ಘಾಟು ವಾಸನೆ ಮೂಗಿಗೆ ಹೊಡೆಯಿತು. ಅದು ಬಜೆ ಬೇರು.

"ಇದನ್ನು ಅಗಿದು ನೂಲಿಗೆ ಹಚ್ಚು. ಒಂದು ದಿನ ನುಸಿ ಹತ್ತಿರ ಬರೋದಿಲ್ಲ. ಒಂದೇ ದಿನ, ಜಾಸ್ತಿ ಇಲ್ಲ. ನನಗೆ ಇದು ಗೊತ್ತಾಗುವಷ್ಟರಲ್ಲಿ ಕೂದಲು ಹೋಗಿತ್ತು." ದಾರಿ ಬಿಡುತ್ತ ಕರಡಿ ಹೇಳಿತು, "ನೀನು ತಿರುಗಿ ಬರೋದಾದರೆ ನಾನು ಇಲ್ಲೇ ಇರುತ್ತೇನೆ."

ಮೂರನೆಯ ದಿನ ಹಾಲವ್ವ ಬೆಟ್ಟದ ಹೆಗಲು ಹತ್ತಿದಳು. ಅರ್ಧ ಕಂಬಳಿ ಬೆನ್ನು ಮುಚ್ಚಿದರೆ ಎದೆಗಿಲ್ಲ, ಎದೆ ಮುಚ್ಚಿದರೆ ಬೆನ್ನಿಗಿಲ್ಲ. ಬೆರಳು ಮರಗಟ್ಟಿದವು. ಮಧ್ಯಾಹ್ನದ ಹೊತ್ತಿಗೆ ಕಾಲು ಎತ್ತಿಡಲೂ ಆಗದೆ ಹೋದಾಗ ಒಂದು ಕಲ್ಲುಮನೆ ಕಂಡಿತು. ಬಾಗಿಲು ತೆರೆದಿತ್ತು. ಒಳಗೆ ಒಲೆ ಉರಿಯುತ್ತಿತ್ತು. ಒಲೆಯ ಮುಂದೆ ಒಬ್ಬ ಅಜ್ಜಿ ಕೂತಿದ್ದಳು. ಅಜ್ಜಿಯ ತೊಡೆಯ ಮೇಲೆ ಕರಿ ಕಂಬಳಿ. ಬಿಳಿ ಅಂಚು, ಬೆರಳು ಮುಳುಗುವಷ್ಟು ದಪ್ಪ, ಎಲ್ಲೂ ಒಂದು ತೂತಿಲ್ಲ.

"ಬಾ ಮಗಳೇ, ಹೊದ್ದುಕೋ. ನೀನು ಹೊದ್ದು ಬೆಚ್ಚಗಾದ ಮೇಲೆ ಇದನ್ನೇ ನಿನ್ನ ಅಕ್ಕನ ಕೂಸಿಗೆ ತಗೊಂಡು ಹೋಗು. ಮುಂದೆ ಯಾಕೆ ಹೋಗ್ತೀಯ? ಇಲ್ಲಿಂದಲೇ ಮನೆಗೆ ತಿರುಗು."

ಹಾಲವ್ವನ ಕಣ್ಣಲ್ಲಿ ನೀರು ಬಂತು. ಅಕ್ಕನ ಮುಖ ಕಣ್ಣ ಮುಂದೆ ಬಂತು. ಅವಳು ಎರಡೂ ಕೈ ಚಾಚಿ ಕಂಬಳಿ ಹಿಡಿದಳು. ಹಿಡಿದ ಕೈ ಅಭ್ಯಾಸದಂತೆ ಮೂಲೆಗೆ ಸರಿಯಿತು. ಯಾವ ಕಂಬಳಿ ಕೈಗೆ ಬಂದರೂ ಅವಳು ಮೊದಲು ಮುಟ್ಟುತ್ತಿದ್ದದ್ದು ನೇಯ್ದವರು ಕೊನೆಗೆ ಹಾಕಿದ ಗಂಟನ್ನು. ಒಂದು ಮೂಲೆ ಮುಟ್ಟಿದಳು. ಎರಡನೆಯದು ಮುಟ್ಟಿದಳು. ನಾಲ್ಕೂ ಮುಟ್ಟಿದಳು.

"ಅಜ್ಜೀ, ಇದನ್ನು ನೇಯ್ದವರು ಯಾರು?"

"ಯಾರೋ ನೇಯ್ದರು. ಹೊದ್ದುಕೋ, ಹೊದ್ದುಕೋ."

"ಇದಕ್ಕೆ ಗಂಟೇ ಇಲ್ಲವಲ್ಲ. ಗಂಟು ಹಾಕದೆ ಮಗ್ಗದಿಂದ ಕಂಬಳಿ ಇಳಿಯೋದಿಲ್ಲ."

ಆಗ ಹಾಲವ್ವನಿಗೆ ಗೊತ್ತಾಯಿತು, ಉರಿಯುತ್ತಿದ್ದ ಒಲೆಯಿಂದ ಕಾವೇ ಬರುತ್ತಿರಲಿಲ್ಲ. ಅವಳ ಅಂಗೈ ಕೆಳಗೆ ಕಂಬಳಿ ಮೆಲ್ಲಗೆ ಉಸಿರಾಡುತ್ತಿತ್ತು. ಅಕ್ಕ ಬಸುರಿಯೆಂದು ಈ ಅಜ್ಜಿಗೆ ಹೇಳಿದವರು ಯಾರು? ತುರುಬಿನ ದಬ್ಬಣ ಕಿತ್ತು ಹಾಲವ್ವ ಕಂಬಳಿಯ ನಡುವಿಗೆ ಚುಚ್ಚಿದಳು. ಕಂಬಳಿ ಸಾವಿರ ಸಾವಿರ ನುಸಿಯಾಗಿ ಸಿಡಿಯಿತು. ಅಜ್ಜಿಯ ಕೈ ಹಾರಿತು, ಸೆರಗು ಹಾರಿತು, ಕೊನೆಗೆ ಮುಖವೂ ಚೂರುಚೂರಾಗಿ ಹಾರಿ ಕತ್ತಲಲ್ಲಿ ಬೆರೆಯಿತು. ಖಾಲಿ ಮನೆಯ ಮೂಲೆಯಲ್ಲಿ ನಲವತ್ತು ಗುರಾಣಿಗಳು ಒಂದರ ಮೇಲೊಂದು ಬಿದ್ದಿದ್ದವು. ದಂಡಿನವರೂ ಚಳಿಯಲ್ಲಿ ಇಲ್ಲಿಗೇ ಬಂದಿದ್ದರು. ಅವರು ಹೊದ್ದುಕೊಂಡಿದ್ದರು.

ಅವಳು ಅಲ್ಲಿ ನಿಲ್ಲದೆ ಹೊರಗೆ ಓಡಿದಳು.

ನಾಲ್ಕನೆಯ ದಿನ ಬೆಳಗ್ಗೆ ಬೂದುರಾಯನ ಗವಿ ಸಿಕ್ಕಿತು. ಗವಿಯ ಗೋಡೆಗೆ ಆಳೆತ್ತರದ ನಲವತ್ತು ಬೂದು ಗೂಡುಗಳು ತೂಗುತ್ತಿದ್ದವು. ಒಂದೊಂದರೊಳಗೂ ಒಬ್ಬೊಬ್ಬ ಮನುಷ್ಯ ಮಲಗಿದ್ದ. ಅವುಗಳ ನಡುವೆ ಬೂದುರಾಯ ಕೂತಿದ್ದ. ಕಡ್ಡಿಯಂಥ ಮೈ, ಬೂದಿ ಬಣ್ಣದ ಕಣ್ಣು. ಮೈಮೇಲೆ ನೆಲ ಮುಟ್ಟುವ ನಿಲುವಂಗಿ, ಅದರ ತುಂಬ ತೂತು. ನಾಡಿನ ಬಿಸುಪನ್ನೆಲ್ಲ ಕದ್ದವನು ಗಡಗಡ ನಡುಗುತ್ತಿದ್ದ!

"ದಬ್ಬಣದವಳು," ಎಂದ. "ನೀನು ಮುಚ್ಚಿದ ತೂತು ಕಾಣೋದಿಲ್ಲವಂತೆ."

"ನಿನ್ನ ನುಸಿಗಳನ್ನು ನಮ್ಮ ನಾಡಿನಿಂದ ಕರೆಸಿಕೋ. ಅದನ್ನು ಕೇಳಲಿಕ್ಕೆ ಬಂದೆ."

"ಕರೆಸೋಣ. ಮೊದಲು ಇದನ್ನು ಹೊಲಿ. ನನ್ನ ನುಸಿಗೆ ನಾನು ನೀನು ಎಂಬ ಭೇದವಿಲ್ಲ. ಊರಿನ ಬಿಸುಪು ತರುತ್ತವೆ, ನನ್ನ ಅಂಗಿಯನ್ನೂ ತಿನ್ನುತ್ತವೆ. ಬಂದದ್ದೆಲ್ಲ ಈ ತೂತುಗಳಿಂದ ಸೋರಿ ಹೋಗುತ್ತದೆ." ಅವನು ಗವಿಯ ಬಾಗಿಲಲ್ಲಿ ಬಿದ್ದಿದ್ದ ಬಿಸಿಲು ತೋರಿಸಿದ. "ಆ ಬಿಸಿಲು ಈ ಕಲ್ಲಿಗೆ ಬರುವಷ್ಟರಲ್ಲಿ ಒಂದು ತೂತೂ ಉಳಿಯಬಾರದು. ಉಳಿದರೆ ಗೋಡೆಯ ಮೇಲೆ ನಲವತ್ತೊಂದು."

ಅವನು ಅಂಗಿ ಕಳಚಿ ಎಸೆದ. ಹಾಲವ್ವ ಅದನ್ನು ಹಿಡಿದು ಕೂತಳು. ನೂಲು ಬೇಕಲ್ಲ, ತನ್ನ ಅರ್ಧ ಕಂಬಳಿಯನ್ನು ಎಳೆ ಎಳೆಯಾಗಿ ಬಿಚ್ಚಿದಳು. ಒಂದು ತೂತು ಮುಚ್ಚಿದಳು. ಅದರ ಪಕ್ಕದಲ್ಲೇ ಹುಳು ಹರಿದು ಇನ್ನೊಂದು ತೂತಾಯಿತು. ಅದನ್ನು ಮುಚ್ಚಿದರೆ ಮೊದಲಿನದು ಬಾಯಿ ಬಿಟ್ಟಿತು. ಬಿಸಿಲು ಸರಿಯುತ್ತಿತ್ತು. ಅವಳಿಗೆ ಬಜೆ ಬೇರು ನೆನಪಾಯಿತು. ಬಾಯಲ್ಲಿಟ್ಟು ಅಗಿದಳು, ಕಹಿ ಗಂಟಲಿಗಿಳಿಯಿತು. ನೂಲನ್ನು ತುಟಿಯ ನಡುವೆ ಎಳೆದು ಎಳೆದು ಹೊಲಿದಳು. ಈಗ ಮುಚ್ಚಿದ್ದು ಮುಚ್ಚಿದಂತೆಯೇ ಉಳಿಯಿತು. ಇಪ್ಪತ್ತು, ನಲವತ್ತು, ಎಂಬತ್ತು. ಬೆರಳ ತುದಿ ಸೀಳಿ ರಕ್ತ ಬಂತು. ಇನ್ನು ಮೂರು ತೂತು ಇರುವಾಗ ನೂಲು ಮುಗಿಯಿತು. ಬಿಸಿಲು ಕಲ್ಲಿನಿಂದ ಗೇಣು ದೂರದಲ್ಲಿತ್ತು. ಹಾಲವ್ವ ತುರುಬು ಬಿಚ್ಚಿ ತನ್ನ ಕೂದಲು ಕಿತ್ತು ದಬ್ಬಣಕ್ಕೆ ಪೋಣಿಸಿದಳು.

ಕೊನೆಯ ತೂತು ಅಂಗಿಯ ಒಳ ಅಂಚಿನಲ್ಲಿತ್ತು. ಅಲ್ಲಿ ಅವಳ ಕೈ ನಿಂತಿತು. ಅಂಚಿನಲ್ಲಿ ಪುಟ್ಟ ಕೋಳಿಹೆಜ್ಜೆಯಂಥ ಮೂರು ಗೀಟು ನೇಯ್ದಿತ್ತು. ಅದು ಅವಳ ತಾಯಿಯ ಗುರುತು.

"ಇದು ನಮ್ಮವ್ವ ನೇಯ್ದದ್ದು," ಎಂದಳು. "ಕೇತಕಿ ರಾಣಿಯ ಮದುವೆಯ ಶಾಲು. ನಿನ್ನ ಹತ್ತಿರ ಹೇಗೆ ಬಂತು?"

ಬೂದುರಾಯ ನಕ್ಕ. ಹೇಗೂ ಇವಳು ಹೊರಗೆ ಹೋಗುವುದಿಲ್ಲ ಎಂದುಕೊಂಡ.

"ಐದು ವರ್ಷದ ಹಿಂದೆ ರಾಣಿ ಸತ್ತಳು. ನಾನು ಸನ್ಯಾಸಿಯ ವೇಷದಲ್ಲಿ ರಾಜನ ಬಳಿ ಹೋದೆ. 'ಅವಳು ಉಟ್ಟದ್ದನ್ನೆಲ್ಲ ಒಂದು ಕೋಣೆಯಲ್ಲಿಟ್ಟು ಬೀಗ ಹಾಕು, ಬಿಸಿಲು ಗಾಳಿ ಸೋಕಿಸಬೇಡ, ಅವಳು ಅಲ್ಲೇ ಇರುತ್ತಾಳೆ' ಎಂದೆ. ದಕ್ಷಿಣೆಯಾಗಿ ಶಾಲಿನ ಅಂಚಿನಿಂದ ಗೇಣು ಬಟ್ಟೆ ಕೇಳಿದೆ. ಆ ಗೇಣೇ ಬೆಳೆದು ಈ ಅಂಗಿಯಾಯಿತು. ಉಳಿದ ಶಾಲಿನ ಮಡಿಕೆಯಲ್ಲಿ ತಾಯಿನುಸಿಯನ್ನು ಬಿಟ್ಟುಬಂದೆ. ಐದು ವರ್ಷ ಕತ್ತಲಲ್ಲಿ ಹೆತ್ತು ಹೆತ್ತು ಈ ಮಾಗಿಗೆ ನಾಡನ್ನೇ ತುಂಬಿದಳು. ನಾಡಿನ ನುಸಿಯೆಲ್ಲ ಅವಳ ಮಕ್ಕಳು, ನನ್ನ ಜೀವ ಅವಳ ಜೀವ. ರಾಜನ ಕೈಯಿಂದ ಇಟ್ಟದ್ದನ್ನು ಅವನ ಕೈಯಿಂದಲೇ ಹೊರಗೆ ತರಬೇಕು. ಅವನು ತರೋದಿಲ್ಲ! ನಿಮ್ಮ ದೊರೆಯೇ ನನ್ನ ಕಾವಲುಗಾರ."

ಹಾಲವ್ವ ತಲೆ ಎತ್ತದೆ ಕೊನೆಯ ಗಂಟು ಹಾಕಿದಳು. ಅದೇ ಕ್ಷಣ ಬಿಸಿಲು ಕಲ್ಲು ಮುಟ್ಟಿತು. "ಮುಗಿಯಿತು. ಮಾತು ನಡೆಸು."

ಬೂದುರಾಯ ಅಂಗಿ ತೊಟ್ಟ. ನೂರು ತೂತಿನಲ್ಲಿ ಒಂದೂ ಇರಲಿಲ್ಲ. "ನಡೆಸುತ್ತೇನೆ. ನಿನ್ನ ಮನೆಯಿಂದ ನುಸಿಗಳನ್ನು ಕರೆಸುತ್ತೇನೆ. ನಿನ್ನ ಮನೆಯಲ್ಲಿ ತಿನ್ನಲಿಕ್ಕೆ ಇನ್ನೇನು ಉಳಿದಿದೆ? ಇನ್ನು ನೀನು ಗೋಡೆಗೆ..." ಎನ್ನುತ್ತಿದ್ದಂತೆ ಅವನಿಗೆ ಆಕಳಿಕೆ ಬಂತು. ಎಷ್ಟೋ ವರ್ಷಗಳಲ್ಲಿ ಅವನ ಮೈ ಮೊದಲ ಸಲ ಬೆಚ್ಚಗಾಗಿತ್ತು. ಕಣ್ಣು ಎಳೆಯಿತು. ಮಾತು ಮುಗಿಸುವ ಮುಂಚೆ ಕೂತಲ್ಲೇ ಗೊರಕೆ ಹೊಡೆದ.

ಹಾಲವ್ವ ಉಸಿರು ಬಿಗಿಹಿಡಿದು, ಗೂಡುಗಳ ನಡುವೆ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಹೊರಬಿದ್ದಳು. ಮೈಮೇಲೆ ಈಗ ಅರ್ಧ ಕಂಬಳಿಯೂ ಇಲ್ಲ. ಬೀಳುತ್ತ ಏಳುತ್ತ ಎರಡು ದಿನ ಇಳಿದು ಕರಡಿಯಿದ್ದ ದಾರಿಗೆ ಬರುವಾಗ ಅವಳ ತುಟಿ ಕಪ್ಪಾಗಿತ್ತು.

"ಎಷ್ಟು ದಿನ ಉಳಿದಿದೆ?" ಕರಡಿ ಕೇಳಿತು.

"ಇವತ್ತಿಗೆ ಆರು ಮುಗಿಯಿತು. ನಡೆದರೆ ಇನ್ನೂ ಎರಡು ದಿನದ ದಾರಿ. ಅರಮನೆ ಅದಕ್ಕೂ ಆಚೆ."

"ಬೆನ್ನ ಮೇಲೆ ಹತ್ತು," ಎಂದಿತು ಕರಡಿ.

ಎಂಟನೆಯ ದಿನ ಸೂರ್ಯ ಮಾರುದ್ದ ಏರಿದಾಗ, ಕಂಬಳಿ ತೊಟ್ಟ ಕರಡಿಯೊಂದು ಹೆಣ್ಣೊಬ್ಬಳನ್ನು ಹೊತ್ತು ಅರಮನೆಯ ಹೆಬ್ಬಾಗಿಲಿಗೆ ನುಗ್ಗಿತು. ಕಾವಲಿನವರು ಈಟಿ ಬಿಸಾಡಿ ಓಡಿದರು. ಒಳ ಅಂಗಳದ ಕೊನೆಯಲ್ಲಿ ಬೀಗ ಹಾಕಿದ ಒಂದು ಬಾಗಿಲು. ಬಾಗಿಲಿಗೆ ಬೆನ್ನು ಕೊಟ್ಟು, ನೆಲದ ಮೇಲೆ ರಾಜ ಹೇಮಾಂಗದ ಕೂತಿದ್ದ. ಐದು ವರ್ಷದಿಂದ ಅವನ ಬೆಳಗು ಅಲ್ಲೇ ಕಳೆಯುತ್ತಿತ್ತು. ಬೀಗದ ಕೈ ಅವನ ಕೊರಳಲ್ಲಿತ್ತು.

ಹಾಲವ್ವ ನಡೆದದ್ದೆಲ್ಲ ಹೇಳಿದಳು. ರಾಜ ಎದ್ದು ನಿಂತ. ಮುಖ ಕೆಂಪಾಗಿತ್ತು.

"ಸುಳ್ಳು. ನನ್ನ ಕೇತಕಿ ಒಳಗಿದ್ದಾಳೆ. ನನಗೆ ಕೇಳಿಸುತ್ತದೆ. ಅವಳ ರೇಷ್ಮೆ ಸೀರೆಯ ಸರಸರ ಸದ್ದು ದಿನವೂ ಕೇಳಿಸುತ್ತದೆ. ಬೇಕಾದರೆ ನೀನೇ ಕೇಳು."

ಹಾಲವ್ವ ಬಾಗಿಲಿಗೆ ಕಿವಿಯಿಟ್ಟಳು. ಸರಸರ, ಸರಸರ, ಸರಸರ. ಅದು ಒಂದೇ ಸಮನೆ ಬರುತ್ತಿತ್ತು.

"ಪ್ರಭೂ, ಸೀರೆಯುಟ್ಟವರು ನಡೆಯುತ್ತಾರೆ, ನಿಲ್ಲುತ್ತಾರೆ, ಕೂರುತ್ತಾರೆ. ಅವರು ನಿಂತಾಗ ಸದ್ದೂ ನಿಲ್ಲಬೇಕು. ಇದು ಯಾವಾಗಲಾದರೂ ನಿಂತಿದೆಯಾ?"

ರಾಜನೂ ಕಿವಿಯಿಟ್ಟ. ಬಹಳ ಹೊತ್ತು ಇಟ್ಟ. ಹಾಲವ್ವ ಅಂಗಳದ ನೆರಳು ನೋಡುತ್ತಿದ್ದಳು. ಊರಿನಲ್ಲಿ ಅಕ್ಕನಿಗೆ ನೋವು ಶುರುವಾಗಿರಬಹುದು. ಕಿರುಚಬೇಕೆನಿಸಿತು, ಕಿರುಚಲಿಲ್ಲ.

ಸದ್ದು ನಿಲ್ಲಲಿಲ್ಲ. ರಾಜನ ಕೈ ಮೆಲ್ಲಗೆ ಕೊರಳಿಗೆ ಹೋಯಿತು.

ಬಾಗಿಲು ತೆರೆದಾಗ ಹಳಸಲು ಧೂಳಿನ ವಾಸನೆ ಮುಖಕ್ಕೆ ಬಡಿಯಿತು. ಒಳಗೆ ಕಾಡಿಗೆಯಂಥ ಕತ್ತಲೆ. ಗೂಟಗಳಲ್ಲಿ ಸೀರೆಗಳಿರಲಿಲ್ಲ, ಜೇಡರ ಬಲೆಯಂಥ ಚಿಂದಿಗಳಿದ್ದವು. ನೆಲದ ಮೇಲೆ ಬಿಳಿ ಹುಳುಗಳು ಮೊಣಕಾಲುದ್ದ ಹೊರಳುತ್ತಿದ್ದವು. ಕೋಣೆಯ ನಡುವೆ, ಕೆಂಪು ಶಾಲನ್ನು ತಲೆಯ ಮೇಲಿಂದ ಹೊದ್ದು ಒಬ್ಬ ಹೆಂಗಸು ನಿಂತಿದ್ದಳು.

"ಬಾಗಿಲು ಹಾಕಿ," ಎಂದಳು ಅವಳು. ಅದು ರಾಣಿಯದೇ ದನಿ. "ಇಷ್ಟು ದಿನ ಬರಲಿಲ್ಲವೇಕೆ? ಬನ್ನಿ. ನನಗೆ ಬೆಳಕು ಆಗೋದಿಲ್ಲ."

ರಾಜ ಒಂದು ಹೆಜ್ಜೆ ಒಳಗಿಟ್ಟ. ಎರಡನೆಯದೂ ಇಟ್ಟ. ಹುಳುಗಳು ಅವನ ಪಂಚೆ ಹತ್ತಿದವು.

"ಕಿಟಕಿ!" ಎಂದು ಹಾಲವ್ವ ಕೂಗಿದಳು. ಕರಡಿ ಹೊರಗಿನಿಂದ ಸುತ್ತಿ ಬಂದು, ಅರಗು ಹಾಕಿ ಮುಚ್ಚಿದ್ದ ಕಿಟಕಿಯ ಬಾಗಿಲನ್ನು ಒಂದೇ ಏಟಿಗೆ ಒಡೆಯಿತು. ಬಿಸಿಲು ಕೋಲಿನಂತೆ ಒಳಗೆ ಬಿತ್ತು. ಶಾಲು ಹೊದ್ದವಳು ಚೀರಿ ಮೂಲೆಗೆ ಮುದುಡಿದಳು.

"ನನ್ನನ್ನು ಬಿಸಿಲಿಗೆ ಹಾಕ್ತೀರಾ? ನಾನು ನಿಮ್ಮ ಕೇತಕಿ!"

ರಾಜ ನಿಂತ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ನನ್ನ ಕೇತಕಿ ಮಾಗಿ ಬಂತೆಂದರೆ ಬೆಳಗಿನಿಂದ ಅಂಗಳದ ಬಿಸಿಲಲ್ಲೇ ಕೂತಿರುತ್ತಿದ್ದಳು," ಎಂದ. "ಒಳಗೆ ಬಾ ಎಂದು ಕರೆದರೆ ನನ್ನನ್ನೂ ಹೊರಗೆ ಎಳೆಯುತ್ತಿದ್ದಳು. ನೀನು ಯಾರು?"

ಅವನು ನುಗ್ಗಿ ಶಾಲಿಗೆ ಕೈ ಹಾಕಿದ. ಒಳಗಿನಿಂದ ಏನೋ ಅವನ ಕೈಯನ್ನು ಕಚ್ಚಿತು. ಅವನು ಬಿಡಲಿಲ್ಲ. ಶಾಲನ್ನು ಎದೆಗೆ ಅವುಚಿ, ಹೊಸ್ತಿಲು ದಾಟಿ ಅಂಗಳದ ನಡುವೆ ಬಂದು, ಎರಡೂ ಕೈಯಿಂದ ಹಿಡಿದು ಕೊಡವಿದ. ಮೊರದಷ್ಟು ಅಗಲದ ತಾಯಿನುಸಿ ಕಲ್ಲುಹಾಸಿನ ಮೇಲೆ ಬಿತ್ತು. ರೆಕ್ಕೆ ಬಡಿದು ನೆರಳಿನತ್ತ ತೆವಳಿತು. ಹಾಲವ್ವ ದಬ್ಬಣವನ್ನು ಅದರ ರೆಕ್ಕೆಗೆ ಊರಿ, ಕಲ್ಲಿನ ಸಂದಿಗೆ ನಾಟಿದಳು. ನಡುಹಗಲ ಸೂರ್ಯ ನೆತ್ತಿಯ ಮೇಲಿದ್ದ. ತಾಯಿನುಸಿ ಮೂರು ಸಲ ರಾಣಿಯ ದನಿಯಲ್ಲಿ ಕೂಗಿತು. ಮೂರನೆಯ ಕೂಗು ಅರ್ಧಕ್ಕೆ ನಿಂತಿತು. ಗಾಳಿ ಬೀಸಿದಾಗ ಅಲ್ಲಿ ಒಂದು ಹಿಡಿ ಬೂದಿ ಬಿಟ್ಟರೆ ಬೇರೇನೂ ಇರಲಿಲ್ಲ. ರಾಜನ ಕೈಯಲ್ಲಿದ್ದ ಶಾಲೂ ಪುಡಿಯಾಗಿ ಉದುರಿತು.

ಅದೇ ಹೊತ್ತಿಗೆ ಪಡುವಣ ಗವಿಯಲ್ಲಿ ಇನ್ನೂ ಗೊರಕೆ ಹೊಡೆಯುತ್ತಿದ್ದ ಬೂದುರಾಯನ ಅಂಗಿ ಎಳೆ ಎಳೆಯಾಗಿ ಕಳಚಿತಂತೆ. ಹಾಲವ್ವ ಹಾಕಿದ ತೇಪೆಗಳು ಮಾತ್ರ ನೆಲದ ಮೇಲೆ ಉಳಿದವಂತೆ. ಮುನ್ನೂರು ವರ್ಷದ ಚಳಿ ಒಂದೇ ಸಲ ಅವನ ಮೇಲೆ ಬಿತ್ತು, ಅವನು ಕೂತಲ್ಲೇ ಹೆಪ್ಪುಗಟ್ಟಿ ಒಡೆದುಹೋದ. ಗೂಡು ಹರಿದು ಹೊರಬಂದ ನಲವತ್ತು ದಂಡಿನವರು ಆಮೇಲೆ ಊರಿಗೆ ಬಂದು ಇದನ್ನು ಹೇಳಿದರು.

ಹಾಲವ್ವ ಅದಾವುದಕ್ಕೂ ಕಾಯಲಿಲ್ಲ. ಕರಡಿಯ ಬೆನ್ನೇರಿ ಊರಿಗೆ ಬಂದಳು. ಮನೆಯ ಹೊರಗೆ ಬೀರಯ್ಯ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಒಳಗಿನಿಂದ ದ್ಯಾವಕ್ಕನ ನರಳಾಟ ಕೇಳುತ್ತಿತ್ತು.

"ಭಾವಾ, ಕತ್ತರಿ ತಗೋ! ಕುರಿಯ ಉಣ್ಣೆ ಕತ್ತರಿಸು!"

"ಯಾಕವ್ವಾ, ಮತ್ತೆ ಧೂಳಾಗಲಿಕ್ಕಾ?"

"ಕತ್ತರಿಸು ಅಂದೆ!"

ಬೀರಯ್ಯ ದೊಡ್ಡ ಟಗರನ್ನು ಹಿಡಿದು ಕೆಡವಿ ಉಣ್ಣೆ ಕತ್ತರಿಸಿದ. ಬಿಳಿ ಉಣ್ಣೆಯ ರಾಶಿ ನೆಲದ ಮೇಲೆ ಬಿತ್ತು. ಇಬ್ಬರೂ ಉಸಿರು ಬಿಡದೆ ನೋಡಿದರು. ಅಕ್ಕಪಕ್ಕದವರೂ ಬಂದು ಸುತ್ತ ನಿಂತರು. ಒಂದು ಗಳಿಗೆ ಹೋಯಿತು. ಉಣ್ಣೆ ಇದ್ದ ಹಾಗೇ ಇತ್ತು. ಇನ್ನೊಂದು ಗಳಿಗೆ ಹೋಯಿತು. ಗಾಳಿಗೆ ಒಂದು ಎಳೆ ಅಲುಗಿತು, ಅಷ್ಟೇ.

ಒಳಗೆ ಕೂಸು ಅತ್ತಿತು.

ನೇಯಲಿಕ್ಕೆ ಹೊತ್ತಿರಲಿಲ್ಲ. ಹಾಲವ್ವ ಆ ಹಸಿ ಉಣ್ಣೆಯನ್ನೇ ತೋಳು ತುಂಬ ಬಾಚಿಕೊಂಡು ಒಳಗೆ ಓಡಿದಳು. ಸೂಲಗಿತ್ತಿ ಕೂಸನ್ನು ಅದರ ನಡುವೆ ಇಟ್ಟಳು. ಹೆಣ್ಣು ಕೂಸು. ಅದು ಉಣ್ಣೆಯೊಳಗೆ ಹುದುಗಿ ಒಂದು ಸಲ ಸೀನಿ, ಕಣ್ಣು ಮುಚ್ಚಿ ನಿದ್ದೆಹೋಯಿತು. ಮೂರನೆಯ ಬೆಳಗು ಬಂತು, ನಾಲ್ಕನೆಯದೂ ಬಂತು. ಕೂಸು ಹಸಿವಿಗೆ ಊರೇ ಏಳುವಂತೆ ಕೂಗುತ್ತಿತ್ತು.

ರಾಜ ಹೇಮಾಂಗದ ಆ ಕೋಣೆಗೆ ಮತ್ತೆ ಬೀಗ ಹಾಕಲಿಲ್ಲ. ಒಡೆದ ಕಿಟಕಿಯನ್ನು ಇನ್ನೂ ದೊಡ್ಡದು ಮಾಡಿಸಿ ಅಲ್ಲಿ ಹದಿನಾರು ಮಗ್ಗ ಹೂಡಿಸಿದ. ಹಾಲವ್ವ ಅದರ ಒಡತಿಯಾದಳು. ದಂಡಿನಿಂದ ಮರಳಿದವನೊಬ್ಬ ತನ್ನ ಹರಿದ ಅಂಗಿ ಹೊಲಿಸಿಕೊಳ್ಳಲು ಬಂದು, ಮತ್ತೆ ಮತ್ತೆ ಬಂದು, ಕೊನೆಗೆ ಅವಳ ಕೈಹಿಡಿದ. ಕರಡಿಗೆ ಚೈತ್ರದಲ್ಲಿ ಹೊಸ ಕೂದಲು ಬಂತು, ಮೊದಲಿಗಿಂತ ಕಪ್ಪಗೆ.

ವರ್ಷಕ್ಕೊಮ್ಮೆ, ಮಾಗಿಗೆ ಮುಂಚಿನ ಒಂದು ಒಳ್ಳೆಯ ಬಿಸಿಲಿನ ದಿನ, ಕುಳಿರ್ನಾಡಿನಲ್ಲಿ ಯಾರೂ ಬೇರೆ ಕೆಲಸ ಮಾಡುವುದಿಲ್ಲ. ಪ್ರತಿ ಮನೆಯ ಪೆಟ್ಟಿಗೆ ಅಂಗಳಕ್ಕೆ ಬರುತ್ತದೆ. ಕಂಬಳಿಗಳು ಬೇಲಿಗೇರುತ್ತವೆ, ಕೋಲು ಬಡಿಯುವ ಸದ್ದು ಬೆಟ್ಟದಿಂದ ಬೆಟ್ಟಕ್ಕೆ ಹೋಗುತ್ತದೆ. ಆ ದಿನ ರಾಜನೂ ಅಂಗಳಕ್ಕೆ ಬಂದು ತೋಳೇರಿಸಿ ಬಡಿಯುತ್ತಿದ್ದನಂತೆ. ಅವನ ರಾಜ್ಯದಲ್ಲಿ ಆಮೇಲೆ ಚಳಿಗೆ ಸತ್ತ ಕೂಸಿಲ್ಲ, ಹೊದಿಕೆಯಿಲ್ಲದ ಮುದುಕರಿಲ್ಲ. ಅವರೆಲ್ಲ ತಮ್ಮ ತಮ್ಮ ಕಂಬಳಿಯಲ್ಲಿ ಬೆಚ್ಚಗೆ, ಬಹುಕಾಲ ಸುಖವಾಗಿದ್ದರು.